ಬೀಗ ಹಾಕಿದ ಬಾಗಿಲಿಗೆ ಹೊಣೆ ಯಾರು? ಟ್ರಯಾಂಗಲ್ ಬೆಂಕಿ ಮತ್ತು ಅಮೆರಿಕದ ಪ್ರೋಗ್ರೆಸಿವ್ ಚಳವಳಿ: ಒಂದು ಪ್ರಕರಣ ಅಧ್ಯಯನ

1911ನೇ ಇಸವಿ ಮಾರ್ಚ್ 24, ಶುಕ್ರವಾರ. ನ್ಯೂಯಾರ್ಕ್ ರಾಜ್ಯದ ಅತಿ ದೊಡ್ಡ ಕೋರ್ಟು ಒಂದು ತೀರ್ಪು ಕೊಡ್ತು. ಕೆಲಸ ಮಾಡ್ತಾ ಗಾಯ ಮಾಡ್ಕೊಂಡ ಒಬ್ಬ ರೈಲ್ವೆ ಕೆಲಸಗಾರನ ಕೇಸು ಅದು. ಅದಕ್ಕೆ ಹಿಂದಿನ ವರ್ಷ ರಾಜ್ಯ ಒಂದು ಪರಿಹಾರದ ಕಾಯ್ದೆ ಮಾಡಿತ್ತು, ಅಪಾಯದ ಕೆಲಸಗಳಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ತಪ್ಪು ಯಾರದ್ದು ಅಂತ ಸಾಬೀತು ಮಾಡೋ ಗೋಜಿಲ್ಲದೆ ಕಂಪನಿ ಪರಿಹಾರ ಕೊಡ್ಬೇಕು ಅಂತ. ಕೋರ್ಟು ಆ ಕಾಯ್ದೇನೇ ಹೊಡೆದು ಹಾಕ್ತು. ತಪ್ಪೇ ಮಾಡದ ಮಾಲೀಕನ ದುಡ್ಡನ್ನ ಕಿತ್ತು ಇನ್ನೊಬ್ಬನಿಗೆ ಕೊಡೋದು ಸಂವಿಧಾನಕ್ಕೆ ವಿರುದ್ಧ ಅಂದ್ರು.

ಮಾರನೇ ದಿನ ಶನಿವಾರ ಸಂಜೆ 4:40ರ ಹೊತ್ತಿಗೆ ಅದೇ ರಾಜ್ಯದ ನ್ಯೂಯಾರ್ಕ್ ಸಿಟೀಲಿ, ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ಪಕ್ಕದ ಆಶ್ ಬಿಲ್ಡಿಂಗಲ್ಲಿದ್ದ ಟ್ರಯಾಂಗಲ್ ವೇಸ್ಟ್ ಅನ್ನೋ ಬಟ್ಟೆ ಹೊಲಿಯೋ ಕಂಪನಿಗೆ ಬೆಂಕಿ ಬಿತ್ತು. 146 ಜನ ಸತ್ರು. ಅದರಲ್ಲಿ 123 ಜನ ಹೆಂಗಸರು, ಹುಡುಗೀರು.

ಅಮೆರಿಕದ ಪ್ರೋಗ್ರೆಸಿವ್ ಚಳವಳಿ, ಅಂದ್ರೆ ಇಪ್ಪತ್ತನೇ ಶತಮಾನದ ಶುರುವಲ್ಲಿ ಕಾನೂನಿನ ಮೂಲಕ ಸಮಾಜ ಸುಧಾರಿಸೋಕೆ ನಡೆದ ಚಳವಳಿ, ಅದರ ಬಗ್ಗೆ ಓದೋಕೆ ಕೂತ್ರೆ ಸಾಮಾನ್ಯವಾಗಿ ಸಿಗೋದು ಪ್ರೆಸಿಡೆಂಟ್‌ಗಳ ಹೆಸರು, ಥಿಯೊಡೋರ್ ರೂಸ್‌ವೆಲ್ಟ್, ವುಡ್ರೋ ವಿಲ್ಸನ್, ಆಮೇಲೆ ಟ್ರಸ್ಟ್ ಅನ್ನೋ ಏಕಸ್ವಾಮ್ಯದ ಕಂಪನಿ ಕೂಟಗಳನ್ನ ಒಡೆದಿದ್ದು, 1906ರ ಆಹಾರ ಮತ್ತು ಔಷಧಿ ಕಾಯ್ದೆ, ಹೆಂಗಸರಿಗೆ ವೋಟು ಕೊಟ್ಟ 1920ರ ತಿದ್ದುಪಡಿ, ಹೀಗೆ ಒಂದು ಪಟ್ಟಿ. ಅವೆಲ್ಲ ನಿಜಾನೇ, ಆದ್ರೆ ಆ ಪಟ್ಟಿ ಓದಿದ್ರೆ ಈ ಜನಕ್ಕೆ ಅಸಲಿಗೆ ಏನು ಬೇಕಿತ್ತು, ಯಾರು ಯಾರ ಜೊತೆ ಸೇರಿ ಅದನ್ನ ಮಾಡಿಸಿದ್ರು ಅನ್ನೋದು ಗೊತ್ತಾಗಲ್ಲ. ಅದಕ್ಕೆ ನಾನು ಈ ಒಂದೇ ಪ್ರಕರಣ ತಗೊಂಡಿದ್ದೀನಿ. ಇಲ್ಲಿ ಇಡೀ ಜಗಳ ಒಂಬತ್ತನೇ ಮಹಡಿಯ ಒಂದು ಬಾಗಿಲ ಸುತ್ತ ನಡೆಯತ್ತೆ, ಆ ಬಾಗಿಲಿಗೆ ಯಾರು ಹೊಣೆ ಅನ್ನೋ ಪ್ರಶ್ನೆಗೆ ಕೋರ್ಟು ಕೊಟ್ಟ ಉತ್ತರ ಒಂದು, ಚಳವಳಿ ಕೊಟ್ಟ ಉತ್ತರ ಇನ್ನೊಂದು.

ಬೆಂಕಿಗೆ ಮುಂಚೆ

ಶರ್ಟ್‌ವೇಸ್ಟ್ ಅಂದ್ರೆ ಆಗಿನ ಹೆಂಗಸರು ಸ್ಕರ್ಟ್ ಮೇಲೆ ಹಾಕ್ಕೊಳ್ತಿದ್ದ ಬ್ಲೌಸು. ಆಫೀಸಿಗೆ ಹೋಗೋ ಹುಡುಗೀರಿಂದ ಹಿಡಿದು ಎಲ್ಲರೂ ಹಾಕೋರು, ಹಾಗಾಗಿ ಭಾರಿ ಡಿಮ್ಯಾಂಡು. ಅದನ್ನ ಹೊಲೀತಿದ್ದೋರು ರಷ್ಯಾ, ಪೋಲೆಂಡ್ ಕಡೆಯಿಂದ ಓಡಿ ಬಂದ ಯಹೂದಿ ಹುಡುಗೀರು, ದಕ್ಷಿಣ ಇಟಲಿಯಿಂದ ಬಂದ ಹುಡುಗೀರು. ಹದಿನಾಲ್ಕು ವರ್ಷದೋರೂ ಇದ್ರು. ಟ್ರಯಾಂಗಲ್‌ನಲ್ಲಿ ಸುಮಾರು 500 ಜನ ಕೆಲಸಕ್ಕಿದ್ರು. ಮಾಲೀಕರು ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್, ಅವರೂ ವಲಸೆ ಬಂದೋರೇ, ಅವರೂ ಮಷೀನ್ ತುಳಿದೇ ಮೇಲೆ ಬಂದೋರು.

1909ರ ನವೆಂಬರ್ 22ಕ್ಕೆ ಕೂಪರ್ ಯೂನಿಯನ್ ಹಾಲ್‌ನಲ್ಲಿ ಒಂದು ದೊಡ್ಡ ಮೀಟಿಂಗು. ಲೀಡರ್‌ಗಳು ಒಬ್ಬರಾದ ಮೇಲೆ ಒಬ್ಬರು ಭಾಷಣ ಮಾಡ್ತಾನೇ ಇದ್ರು, ಎಲ್ಲರದ್ದೂ ಹುಷಾರಿ ಮಾತು. ಕ್ಲಾರಾ ಲೆಮ್ಲಿಚ್ ಅನ್ನೋ 23 ವರ್ಷದ ಹುಡುಗಿ ಎದ್ದು, ನನಗೂ ಮಾತಾಡೋದಿದೆ ಅಂತ ವೇದಿಕೆ ಹತ್ತಿ ಯಹೂದಿಗಳ ಯಿದ್ದಿಶ್ ಭಾಷೇಲಿ, ಈ ಮಾತು ಕೇಳಿ ಸಾಕಾಗಿದೆ, ಎಲ್ಲ ಸೇರಿ ಸ್ಟ್ರೈಕ್ ಮಾಡೋಣ ಅಂದ್ಲು. ಹಾಲಿಗೆ ಹಾಲೇ ಎದ್ದು ನಿಂತ್ತು. ಇಪ್ಪತ್ತು ಸಾವಿರದ ದಂಗೆ ಅಂತ ಹೆಸರಾದ ಈ ಸ್ಟ್ರೈಕು 1910ರ ಫೆಬ್ರವರಿ ತನಕ ನಡೀತು. ಪೊಲೀಸರು ಹುಡುಗೀರನ್ನ ಹೊಡೆದು ಎಳ್ಕೊಂಡು ಹೋಗ್ತಿದ್ರು, ಒಬ್ಬ ಮ್ಯಾಜಿಸ್ಟ್ರೇಟ್ ಅಂತೂ ನೀವು ಸ್ಟ್ರೈಕ್ ಮಾಡ್ತಿರೋದು ದೇವರ ವಿರುದ್ಧ ಅಂತ ಕೋರ್ಟಲ್ಲೇ ಹೇಳ್ದ. ಆಗ ಜೊತೆಗೆ ನಿಂತಿದ್ದು ವಿಮೆನ್ಸ್ ಟ್ರೇಡ್ ಯೂನಿಯನ್ ಲೀಗ್ ಅನ್ನೋ ಸಂಘ, ಅದರಲ್ಲಿ ಕೆಲಸಗಾರ ಹೆಂಗಸರೂ ಇದ್ರು, ಓದಿದ ಉಳ್ಳವರ ಮನೆ ಹೆಂಗಸರೂ ಇದ್ರು. ಬ್ಯಾಂಕರ್ ಜೆ.ಪಿ. ಮಾರ್ಗನ್‌ನ ಮಗಳು ಆನ್ ಮಾರ್ಗನ್ ಕೂಡ ಸ್ವಲ್ಪ ದಿನ ಬೆಂಬಲಕ್ಕೆ ಬಂದ್ಲು.

ಎಷ್ಟೋ ಸಣ್ಣ ಕಂಪನಿಗಳು ಯೂನಿಯನ್ ಜೊತೆ ಒಪ್ಪಂದ ಮಾಡ್ಕೊಂಡ್ವು. ಟ್ರಯಾಂಗಲ್ ಮಾಡ್ಕೊಳ್ಳಲಿಲ್ಲ. ಸಂಬಳ, ಟೈಮಿಂಗಲ್ಲಿ ಅಷ್ಟೋ ಇಷ್ಟೋ ಕೊಟ್ಟು ಯೂನಿಯನ್‌ನ ಮಾತ್ರ ಒಳಗೆ ಬಿಟ್ಕೊಳ್ಳಲಿಲ್ಲ, ಅಂದ್ರೆ ಬಾಗಿಲು ಯಾಕೆ ಬೀಗ ಹಾಕಿದ್ದೀರಿ ಅಂತ ದಿನಾ ಕೇಳೋಕೆ ಆ ಮಹಡಿ ಮೇಲೆ ಯಾರಿಗೂ ಹಕ್ಕಿರಲಿಲ್ಲ.

ಬಿಲ್ಡಿಂಗು, ಬಾಗಿಲು

ಆಶ್ ಬಿಲ್ಡಿಂಗ್ ಹತ್ತು ಮಹಡೀದು, ಟ್ರಯಾಂಗಲ್ ಇದ್ದಿದ್ದು ಮೇಲಿನ ಮೂರರಲ್ಲಿ, 8, 9, 10. ಆ ಅಳತೆ ಬಿಲ್ಡಿಂಗಿಗೆ ಮೂರು ಮೆಟ್ಟಿಲು ಬೇಕು ಅಂತ ನಿಯಮ ಇತ್ತು, ಆದ್ರೆ ಕಟ್ಟಿದ್ದು ಎರಡೇ. ಹಿಂದುಗಡೆ ಇರೋ ಕಬ್ಬಿಣದ ಫೈರ್ ಎಸ್ಕೇಪನ್ನೇ ಮೂರನೇದು ಅಂತ ಲೆಕ್ಕ ಹಿಡೀರಿ ಅಂದ ಆರ್ಕಿಟೆಕ್ಟ್, ಅದು ನಡೆದೂ ಹೋಯ್ತು. ಅದು ನೆಲದ ತನಕಾನೂ ಇರಲಿಲ್ಲ, ಒಳಗಿನ ಅಂಗಳದ ಒಂದು ಗಾಜಿನ ಚಾವಣಿ ಮೇಲೆ ಮುಗೀತಿತ್ತು. ಬಿಲ್ಡಿಂಗ್ ಎತ್ತರ 150 ಅಡಿಗಿಂತ ಕಮ್ಮಿ, ಹಾಗಾಗಿ ಒಳಗೆ ಮರದ ನೆಲ ಹಾಕೋಕೂ ಕಾನೂನು ಅಡ್ಡಿ ಬರಲಿಲ್ಲ. ಬೆಂಕಿ ಬಿದ್ರೆ ತಾನಾಗೇ ನೀರು ಚಿಮ್ಮೋ ಸ್ಪ್ರಿಂಕ್ಲರ್ ಅನ್ನೋದು ಆಗಲೇ ಬಂದಿತ್ತು, ಕಡ್ಡಾಯ ಇರಲಿಲ್ಲ.

ಕೆಲಸ ಬಿಟ್ಟಾಗ ಎಲ್ಲರೂ ಗ್ರೀನ್ ಸ್ಟ್ರೀಟ್ ಕಡೆ ಬಾಗಿಲಿಂದಾನೇ ಹೋಗ್ಬೇಕು, ಅಲ್ಲೊಬ್ಬ ವಾಚ್‌ಮನ್ ನಿಂತು ಒಬ್ಬೊಬ್ಬರದ್ದೇ ಬ್ಯಾಗ್ ತೆಗೆಸಿ ನೋಡ್ತಿದ್ದ, ಬಟ್ಟೆನೋ ಲೇಸೋ ಕದ್ದಿದ್ದಾರಾ ಅಂತ. ಇನ್ನೊಂದು ಕಡೆ, ವಾಷಿಂಗ್ಟನ್ ಪ್ಲೇಸ್ ಬಾಗಿಲಿಗೆ ಬೀಗ. ಮುಂದೆ ಕೋರ್ಟಲ್ಲಿ ಇಷ್ಟು ವರ್ಷದಲ್ಲಿ ಒಟ್ಟು ಎಷ್ಟು ಮಾಲು ಕಳುವಾಗಿರಬಹುದು ಅಂತ ಕೇಳ್ದಾಗ ಹ್ಯಾರಿಸ್ ಕೊಟ್ಟ ಉತ್ತರ, 25 ಡಾಲರ್ ಮೀರಲ್ಲ ಅಂತ.

ಈಗ ನನಗೆ ಬಹಳ ಮುಖ್ಯ ಅನ್ಸೋ ವಿಷಯ. ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಹಾಕಬಾರದು ಅನ್ನೋ ಕಾನೂನು ನ್ಯೂಯಾರ್ಕಲ್ಲಿ ಬೆಂಕಿ ಬೀಳೋಕೆ ಮುಂಚೇನೇ ಇತ್ತು. ಬಾಗಿಲು ಹೊರಗಡೆಗೆ ತೆರ್ಕೊಳ್ಳಬೇಕು ಅಂತಾನೂ ಬರೆದಿತ್ತು, ಆದ್ರೆ ಅದರ ಜೊತೆಗೆ ‘ಸಾಧ್ಯವಿದ್ದಲ್ಲಿ’ ಅನ್ನೋ ಒಂದು ಪದ ಸೇರಿಸಿದ್ರು. ಆಶ್ ಬಿಲ್ಡಿಂಗಲ್ಲಿ ಮೆಟ್ಟಿಲ ಮುಂದಿನ ಜಾಗ ಇಕ್ಕಟ್ಟು, ಹೊರಗೆ ತೆರೆಯೋಕೆ ಸಾಧ್ಯವಿಲ್ಲ, ಅಲ್ಲಿಗೆ ಮುಗೀತು. ಹಾಗಾಗಿ ಕಾನೂನು ಇರಲಿಲ್ಲ ಅಂತ ಹೇಳೋದು ತಪ್ಪಾಗತ್ತೆ. ಕಾನೂನು ಪುಸ್ತಕದಲ್ಲಿತ್ತು, ಒಂಬತ್ತನೇ ಮಹಡಿ ತನಕ ಹತ್ತಿ ಬಂದು ಚಿಲಕ ಎಳೆದು ನೋಡೋರು ಇರಲಿಲ್ಲ.

ಎಚ್ಚರಿಕೇನೂ ಬಂದಿತ್ತು. 1910ರ ನವೆಂಬರಲ್ಲಿ ನದಿ ಆಚೆ ನ್ಯೂವಾರ್ಕ್ ಊರಿನ ಫ್ಯಾಕ್ಟರಿಯೊಂದರಲ್ಲಿ ಬೆಂಕಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಸತ್ತಿದ್ರು. ನ್ಯೂಯಾರ್ಕಿನ ಫೈರ್ ಚೀಫ್ ಎಡ್ವರ್ಡ್ ಕ್ರೋಕರ್ ಇಂಥದ್ದು ನಮ್ಮಲ್ಲೂ ಆಗತ್ತೆ ಅಂತ ಹೇಳ್ತಾನೇ ಇದ್ದ.

ಆ ಸಂಜೆ

ಬೆಂಕಿ ಶುರುವಾಗಿದ್ದು ಎಂಟನೇ ಮಹಡೀಲಿ, ಕಟಿಂಗ್ ಟೇಬಲ್ ಕೆಳಗಿನ ಚಿಂದಿ ತೊಟ್ಟೀಲಿ. ಯಾರೋ ಎಸೆದ ಬೆಂಕಿಕಡ್ಡೀನೋ ಸಿಗರೇಟೋ ಇರಬೇಕು ಅಂತ ಆಗಿನ ಅಂದಾಜು. ತೆಳು ಕಾಟನ್ನು, ಟಿಶ್ಯೂ ಪೇಪರು, ಮೇಲೆ ನೇತಾಡೋ ಪ್ಯಾಟರ್ನು, ಹತ್ಕೊಂಡಿದ್ದೇ ಆರಿಸೋಕೆ ಆಗಲಿಲ್ಲ. ಎಂಟನೇ ಮಹಡಿಯಿಂದ ಹತ್ತನೇ ಮಹಡಿಗೆ, ಅಂದ್ರೆ ಮಾಲೀಕರ ಆಫೀಸಿಗೆ ಫೋನ್ ಹೋಯ್ತು. ಒಂಬತ್ತನೇ ಮಹಡಿಗೆ ಯಾರೂ ಹೇಳಲಿಲ್ಲ. ಬ್ಲಾಂಕ್, ಹ್ಯಾರಿಸ್ ಇಬ್ಬರೂ ಟೆರೇಸಿಗೆ ಹೋಗಿ ಪಾರಾದ್ರು, ಪಕ್ಕದ ಬಿಲ್ಡಿಂಗಲ್ಲಿದ್ದ ನ್ಯೂಯಾರ್ಕ್ ಯೂನಿವರ್ಸಿಟಿಯ ಲಾ ವಿದ್ಯಾರ್ಥಿಗಳು ಏಣಿ ಇಳಿಸಿ ಎಷ್ಟೋ ಜನರನ್ನ ಮೇಲಕ್ಕೆಳೆದ್ಕೊಂಡ್ರು.

ಒಂಬತ್ತನೇ ಮಹಡೀಲಿ ಮಷೀನ್‌ಗಳ ಸಾಲು, ನಡುವೆ ಕುರ್ಚಿ, ಬುಟ್ಟಿ. ಗ್ರೀನ್ ಸ್ಟ್ರೀಟ್ ಕಡೆ ಬೆಂಕಿ ಆವರಿಸ್ಕೊಂಡಾಗ ಉಳಿದ ದಾರಿ ವಾಷಿಂಗ್ಟನ್ ಪ್ಲೇಸ್ ಬಾಗಿಲು, ಅದು ತೆರೀಲಿಲ್ಲ. ಫೈರ್ ಎಸ್ಕೇಪ್ ಭಾರಕ್ಕೆ ತಿರುಚಿಕೊಂಡು ಗೋಡೆ ಬಿಟ್ಟು ಬಿತ್ತು, ಅದರ ಮೇಲಿದ್ದೋರೂ ಬಿದ್ರು. ಜೋಸೆಫ್ ಜೀಟೋ, ಗ್ಯಾಸ್ಪರ್ ಮೊರ್ಟಿಲಾರೊ ಅನ್ನೋ ಲಿಫ್ಟ್ ಆಪರೇಟರ್‌ಗಳಿಬ್ಬರು ಹೊಗೆಯಲ್ಲೇ ಮತ್ತೆ ಮತ್ತೆ ಮೇಲೆ ಹೋಗಿ ಜನ ತುಂಬ್ಕೊಂಡು ಬಂದ್ರು, ಕೊನೆಗೆ ಲಿಫ್ಟ್ ಗುಂಡಿಗೇ ಜನ ಹಾರೋಕೆ ಶುರುಮಾಡಿ ಲಿಫ್ಟ್ ಮೇಲೇಳದ ಹಾಗಾಯ್ತು. ಫೈರ್ ಎಂಜಿನ್ ಬೇಗಾನೇ ಬಂತು, ಆದ್ರೆ ಏಣಿ ಆರನೇ ಮಹಡಿ ಹತ್ರಕ್ಕೆ ನಿಂತ್ಬಿಡ್ತು. ಕೆಳಗೆ ಬಲೆ ಹಿಡಿದ್ರು, ಮೂರು ನಾಲ್ಕು ಜನ ಒಟ್ಟಿಗೆ ಕೈ ಹಿಡ್ಕೊಂಡು ಹಾರಿದಾಗ ಬಲೆ ಹರಿದು ಹೋಯ್ತು. ಅರ್ಧ ಗಂಟೆ ಒಳಗೆ ಎಲ್ಲ ಮುಗೀತು. ಬಿಲ್ಡಿಂಗ್‌ಗೆ ಹೆಚ್ಚೇನೂ ಆಗಲಿಲ್ಲ, ಈಗಲೂ ಇದೆ, ಅದೇ ಯೂನಿವರ್ಸಿಟಿಯ ಕಟ್ಟಡವಾಗಿ.

ಪಾರ್ಕಿನ ಎದುರು ಮನೆಯೊಂದರಲ್ಲಿ ಟೀಗೆ ಅಂತ ಬಂದಿದ್ದ 30 ವರ್ಷದ ಹೆಂಗಸೊಬ್ಬರು ಗಲಾಟೆ ಕೇಳಿ ಓಡಿ ಬಂದ್ರು. ಕಿಟಕಿಯಿಂದ ಹಾರ್ತಿದ್ದೋರನ್ನ ಕಣ್ಣಾರೆ ನೋಡಿದ್ರು. ಫ್ರಾನ್ಸಿಸ್ ಪರ್ಕಿನ್ಸ್. ಕನ್ಸ್ಯೂಮರ್ಸ್ ಲೀಗ್ ಅನ್ನೋ ಸಂಸ್ಥೆಯ ನ್ಯೂಯಾರ್ಕ್ ಶಾಖೆಯ ಕಾರ್ಯದರ್ಶಿ, ಅದಕ್ಕೆ ಮುಂಚೆ ಶಿಕಾಗೋದಲ್ಲಿ ಜೇನ್ ಆಡಮ್ಸ್ 1889ರಲ್ಲಿ ಶುರುಮಾಡಿದ್ದ ಹಲ್ ಹೌಸ್‌ನಲ್ಲಿ ಇದ್ದೋರು. ಬಡವರ ಬೀದೀಲೇ ಹೋಗಿ ಮನೆ ಮಾಡಿ, ಎಷ್ಟು ಜನ ಒಂದು ರೂಮಲ್ಲಿ ಮಲಗ್ತಾರೆ, ಎಷ್ಟು ಮಕ್ಕಳು ಕೆಲಸಕ್ಕೆ ಹೋಗ್ತಾರೆ ಅಂತ ಮನೆ ಮನೆಗೂ ಹೋಗಿ ಬರ್ಕೊಂಡು ಬರೋದು ಆ ಮನೆಯ ಪಾಠ. ಫ್ಲಾರೆನ್ಸ್ ಕೆಲ್ಲಿ ಅನ್ನೋ ಗಟ್ಟಿಗಿತ್ತಿ, ಇಲಿನಾಯ್ ರಾಜ್ಯದ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಆಗಿದ್ದೋರು, ಪರ್ಕಿನ್ಸ್‌ಗೆ ಗುರು ಇದ್ದ ಹಾಗೆ. ಪ್ರೋಗ್ರೆಸಿವ್ ಚಳವಳಿಯ ಬೇರು ಎಲ್ಲಿದೆ ಅಂತ ಕೇಳಿದ್ರೆ ನಾನು ವೈಟ್ ಹೌಸ್‌ಗಿಂತ ಮೊದಲು ತೋರ್ಸೋದು ಈ ಹೆಂಗಸರ ನೋಟ್‌ಬುಕ್ಕುಗಳನ್ನ.

ಮೊದಲ ಉತ್ತರ: ಕೋರ್ಟು

ಏಪ್ರಿಲ್ 2ಕ್ಕೆ ಮೆಟ್ರೋಪಾಲಿಟನ್ ಒಪೆರಾ ಹೌಸ್‌ನಲ್ಲಿ ಸಂತಾಪ ಸಭೆ. ದೊಡ್ಡೋರೆಲ್ಲ ಕಮಿಟಿ ಮಾಡೋಣ ಅಂತಿದ್ರು, ಗ್ಯಾಲರೀಲಿದ್ದ ಕೆಲಸಗಾರರು ಸಿಟ್ಟಲ್ಲಿ ಕೂಗ್ತಿದ್ರು. ಆಗ ರೋಸ್ ಷ್ನೈಡರ್‌ಮನ್ ಅನ್ನೋ ಯೂನಿಯನ್ ಹೆಣ್ಣುಮಗಳು ಎದ್ದು, ನಾನು ಇಲ್ಲಿ ನಿಂತು ಒಳ್ಳೆ ಮಾತಾಡಿದ್ರೆ ಸುಟ್ಟುಹೋದ ಆ ದೇಹಗಳಿಗೆ ದ್ರೋಹ ಮಾಡ್ದ ಹಾಗೆ, ನಿಮ್ಮಂಥ ಸಭ್ಯರನ್ನ ಪರೀಕ್ಷೆ ಮಾಡಿ ನೋಡಿದ್ದೀವಿ, ನೀವು ಅದರಲ್ಲಿ ನಿಲ್ಲಲಿಲ್ಲ ಅನ್ನೋ ಅರ್ಥದಲ್ಲಿ ಮೆಲ್ಲಗೆ, ದನಿ ಏರಿಸದೇ ಮಾತಾಡಿದ್ರು. ಏಪ್ರಿಲ್ 5ಕ್ಕೆ ಸುರಿಯೋ ಮಳೇಲಿ ಲಕ್ಷಾಂತರ ಜನ ಬೀದಿಗೆ ಬಂದ್ರು.

ಡಿಸೆಂಬರಲ್ಲಿ ಬ್ಲಾಂಕ್, ಹ್ಯಾರಿಸ್ ಮೇಲೆ ವಿಚಾರಣೆ. ಬೂದಿ ರಾಶೀಲಿ ಸಿಕ್ಕ ಬೀಗಾನೂ ಕೋರ್ಟಿಗೆ ತಂದಿದ್ರು. ಮಾಲೀಕರ ವಕೀಲ ಮ್ಯಾಕ್ಸ್ ಸ್ಟ್ಯೂಯರ್, ಊರಲ್ಲೇ ಹೆಸರು ಮಾಡಿದ್ದೋನು. ಕೇಟ್ ಆಲ್ಟರ್‌ಮನ್ ಅನ್ನೋ ಬದುಕುಳಿದ ಹುಡುಗಿ, ಗೆಳತಿ ಮಾರ್ಗರೆಟ್ ಷ್ವಾರ್ಟ್ಜ್ ಆ ಬಾಗಿಲ ಹತ್ರ ಹೇಗೆ ಒದ್ದಾಡಿದ್ಲು, ತಾನು ಕೋಟನ್ನ ತಿರುಗಿಸಿ ತುಪ್ಪಳದ ಭಾಗ ಮುಖಕ್ಕೆ ಹಿಡ್ಕೊಂಡು ಬೆಂಕಿ ನಡುವೆ ಹೇಗೆ ಓಡಿದೆ ಅಂತ ಹೇಳಿದ್ಲು. ಸ್ಟ್ಯೂಯರ್ ಪಾಟೀಸವಾಲಲ್ಲಿ ಜೋರು ಮಾಡಲಿಲ್ಲ. ಇನ್ನೊಂದ್ಸಲ ಹೇಳಮ್ಮ ಅಂದ. ಹೇಳಿದ್ಲು. ಮತ್ತೊಂದ್ಸಲ ಅಂದ. ಹೆಚ್ಚುಕಮ್ಮಿ ಅದೇ ಮಾತು, ಅದೇ ಹೋಲಿಕೆ. ಒಂದು ಪದ ಬಿಟ್ಟಾಗ, ಆ ಪದ ಬಿಟ್ಟೆಯಲ್ಲ ಅಂತ ಅವನೇ ನೆನಪು ಮಾಡ್ದ. ಜ್ಯೂರಿಗೆ, ಅಂದ್ರೆ ತೀರ್ಪು ಕೊಡೋಕೆ ಕೂತಿದ್ದ ಸಾಮಾನ್ಯ ಜನರಿಗೆ ಅನ್ಸಿದ್ದು, ಯಾರೋ ಹೇಳ್ಕೊಟ್ಟು ಬಾಯಿಪಾಠ ಮಾಡ್ಸಿದ್ದಾರೆ ಅಂತ. ಇಂಗ್ಲಿಷ್ ಮನೆಮಾತಲ್ಲದ ಹುಡುಗಿ, ಜೀವನದ ಅತಿ ಕೆಟ್ಟ ಗಳಿಗೇನ ಪರಭಾಷೇಲಿ ಹೇಳ್ಬೇಕಾದ್ರೆ ಕಂಡುಕೊಂಡ ಪದಗಳನ್ನೇ ಗಟ್ಟಿಯಾಗಿ ಹಿಡ್ಕೊಳ್ತಾಳೆ, ಅದರಲ್ಲಿ ಆಶ್ಚರ್ಯ ಏನಿದೆ? ಅದನ್ನ ಓದುವಾಗೆಲ್ಲ ನನಗೆ ಸಂಕಟ ಆಗತ್ತೆ.

ಜಡ್ಜ್ ಜ್ಯೂರಿಗೆ ಹೇಳಿದ್ದು ಇಷ್ಟು: ಬಾಗಿಲಿಗೆ ಬೀಗ ಹಾಕಿತ್ತು ಅಂತ ಆದ್ರೆ ಸಾಲದು, ಆ ಹೊತ್ತಿಗೆ ಬೀಗ ಹಾಕಿದೆ ಅಂತ ಈ ಇಬ್ಬರಿಗೆ ಗೊತ್ತಿತ್ತು ಅನ್ನೋದು ಸಂಶಯವಿಲ್ಲದೆ ಸಾಬೀತಾಗ್ಬೇಕು. ಡಿಸೆಂಬರ್ 27, ಎರಡು ಗಂಟೆ ಒಳಗೆ ತೀರ್ಪು, ಇಬ್ಬರೂ ನಿರ್ದೋಷಿಗಳು. ಸಿವಿಲ್ ಕೇಸುಗಳು 1914ರಲ್ಲಿ ರಾಜಿಯಾಗಿ 23 ಕುಟುಂಬಗಳಿಗೆ ಒಂದು ಜೀವಕ್ಕೆ 75 ಡಾಲರ್ ಸಿಕ್ತು. ಇನ್ಶೂರೆನ್ಸ್‌ನೋರು ಮಾಲೀಕರಿಗೆ ಕೊಟ್ಟಿದ್ದು ಅದಕ್ಕಿಂತ ಎಷ್ಟೋ ಪಟ್ಟು. 1913ರಲ್ಲಿ ಬ್ಲಾಂಕ್ ಮತ್ತೆ ಫ್ಯಾಕ್ಟರಿ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ, 20 ಡಾಲರ್ ದಂಡ.

ಬೆಂಕಿಯ ಹಿಂದಿನ ದಿನ ಬಂದಿದ್ದ ಪರಿಹಾರದ ಕಾಯ್ದೆಯ ತೀರ್ಪು ನೆನಪಿಟ್ಕೊಂಡು ಇದನ್ನ ಓದಿ. ತಪ್ಪು ಯಾರದ್ದು ಅಂತ ಒಬ್ಬ ವ್ಯಕ್ತಿ ಕಡೆ ಬೆರಳು ತೋರ್ಸೋಕೆ ಆಗದಿದ್ರೆ ಕಾನೂನಿನ ಕಣ್ಣಲ್ಲಿ ಯಾರದ್ದೂ ಅಲ್ಲ. ಹತ್ತು ಮಹಡಿ ಬಿಲ್ಡಿಂಗು, ಐನೂರು ಜನ, ಮ್ಯಾನೇಜರು, ಸೂಪರ್‌ವೈಸರು, ವಾಚ್‌ಮನ್ನು, ಕೀಲಿ ಯಾರ ಹತ್ರ ಇತ್ತು ಅಂತ ಹುಡುಕ್ತಾ ಹೋದ್ರೆ ಹೊಣೆ ಅನ್ನೋದು ಕೈಯಿಂದ ಕೈಗೆ ಜಾರಿ ಮಾಯವಾಗತ್ತೆ.

ಎರಡನೇ ಉತ್ತರ: ಕಮಿಷನ್ನು

ವಿಚಾರಣೆ ಶುರುವಾಗೋಕೆ ಮುಂಚೇನೇ ಇನ್ನೊಂದು ದಾರಿ ತೆರ್ಕೊಂಡಿತ್ತು. ಸಭೆ ಮಾಡಿದ ದೊಡ್ಡೋರ ಕಮಿಟಿ ರಾಜಧಾನಿ ಆಲ್ಬನಿಗೆ ಹೋಯ್ತು. ಅಲ್ಲಿ ಸಿಕ್ಕ ಶಾಸಕ ಆಲ್ ಸ್ಮಿತ್ ಕೊಟ್ಟ ಸಲಹೆ, ಗಣ್ಯರ ಕಮಿಷನ್ ಬೇಡ, ಶಾಸಕರದ್ದೇ ಕಮಿಷನ್ ಆಗ್ಲಿ, ತಾವೇ ಕೂತು ಮಾಡಿದ ವರದೀನ ಶಾಸಕರು ಸುಲಭಕ್ಕೆ ಬೀಳ್ಸಲ್ಲ ಅಂತ. ಸ್ಮಿತ್ ಯಾರು ಅಂದ್ರೆ ಟ್ಯಾಮನಿ ಹಾಲ್‌ನ ಮನುಷ್ಯ. ವಲಸಿಗರಿಗೆ ಕೆಲಸ, ಕಲ್ಲಿದ್ದಲು, ಜಾಮೀನು ಕೊಡಿಸಿ ವೋಟು ತಗೊಳ್ಳೋ, ಲಂಚಕ್ಕೆ ಹೆಸರಾದ ಡೆಮಾಕ್ರಟಿಕ್ ಪಾರ್ಟಿ ಯಂತ್ರ ಅದು. ಪ್ರೋಗ್ರೆಸಿವ್‌ಗಳಿಗೆ ಟ್ಯಾಮನಿ ಅಂದ್ರೆ ಮೈಯೆಲ್ಲ ಉರಿ, ಸ್ಟ್ರೈಕಲ್ಲಿ ಹುಡುಗೀರನ್ನ ಹೊಡೆದಿದ್ದೂ ಟ್ಯಾಮನಿ ಕೈಯಲ್ಲಿದ್ದ ಪೊಲೀಸರೇ. ಆದ್ರೆ ಸ್ಮಿತ್ ಅಪ್ಪನ್ನ ಕಳ್ಕೊಂಡು, ಸ್ಕೂಲು ಬಿಟ್ಟು ಫುಲ್ಟನ್ ಮೀನು ಮಾರ್ಕೆಟ್ಟಲ್ಲಿ ದುಡಿದೋನು. ಜೊತೆಗಾರ, ರಾಜ್ಯದ ಸೆನೆಟರ್ ರಾಬರ್ಟ್ ವ್ಯಾಗ್ನರ್ ಜರ್ಮನಿಯಿಂದ ಹುಡುಗನಾಗಿದ್ದಾಗ ಬಂದೋನು. ಟ್ಯಾಮನಿ ಬಾಸ್ ಚಾರ್ಲ್ಸ್ ಮರ್ಫಿ ಇವರಿಬ್ಬರಿಗೆ ಮುಂದುವರೀರಿ ಅಂದ, ಯಹೂದಿ, ಇಟಾಲಿಯನ್ ವೋಟು ಕೈತಪ್ತಿದೆ ಅನ್ನೋ ಲೆಕ್ಕಾಚಾರಾನೂ ಇತ್ತು ಅಂತ ಧಾರಾಳವಾಗಿ ಹೇಳಬಹುದು.

1911ರ ಜೂನ್ 30ಕ್ಕೆ ಫ್ಯಾಕ್ಟರಿ ಇನ್ವೆಸ್ಟಿಗೇಟಿಂಗ್ ಕಮಿಷನ್ ಆಯ್ತು. ಅಧ್ಯಕ್ಷ ವ್ಯಾಗ್ನರ್, ಉಪಾಧ್ಯಕ್ಷ ಸ್ಮಿತ್, ಸದಸ್ಯರಲ್ಲಿ ಕಾರ್ಮಿಕ ಮುಖಂಡ ಸ್ಯಾಮುಯೆಲ್ ಗಾಂಪರ್ಸ್, ವಿಮೆನ್ಸ್ ಟ್ರೇಡ್ ಯೂನಿಯನ್ ಲೀಗ್‌ನ ಮೇರಿ ಡ್ರೈಯರ್. ಕ್ಲಾರಾ ಲೆಮ್ಲಿಚ್ ತರದ ಯೂನಿಯನ್ ಹುಡುಗೀರಿಗೂ ತನಿಖೆ ಕೆಲಸ ಸಿಕ್ತು, ಪರ್ಕಿನ್ಸ್‌ಗೂ ಸಿಕ್ತು. ಒಬ್ಬರನ್ನೊಬ್ಬರು ನಂಬದ ಮೂರು ಗುಂಪು, ಸ್ಟ್ರೈಕಿನ ಹುಡುಗೀರು, ಓದಿದ ಸುಧಾರಕಿಯರು, ಪಾರ್ಟಿ ಪುಢಾರಿಗಳು, ಒಂದೇ ಕೆಲಸಕ್ಕೆ ಕೂತ್ರು. ನನ್ನ ಪ್ರಕಾರ ಈ ಪ್ರಕರಣದ ಜೀವಾಳ ಇದೇ. ಒಂದು ಗುಂಪು ಬಿಟ್ಟಿದ್ರೂ ಇದು ಆಗ್ತಿರಲಿಲ್ಲ. ಹುಡುಗೀರಿಗೆ ವೋಟಿರಲಿಲ್ಲ, ಸುಧಾರಕಿಯರ ಹತ್ರ ವರದಿ ಇತ್ತು, ಬಹುಮತ ಇರಲಿಲ್ಲ, ಪುಢಾರಿಗಳ ಹತ್ರ ಬಹುಮತ ಇತ್ತು, ಫ್ಯಾಕ್ಟರಿ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ.

ಆ ಗೊತ್ತಿಲ್ಲದ್ದನ್ನ ಪರ್ಕಿನ್ಸ್ ತೋರಿಸಿದ ರೀತಿ ನೋಡಿ. ಸ್ಮಿತ್‌ನ ಆಬರ್ನ್ ಊರಿನ ಹಗ್ಗದ ಫ್ಯಾಕ್ಟರಿಗೆ ಕರ್ಕೊಂಡು ಹೋಗಿ, ಹತ್ತು ಗಂಟೆ ನೈಟ್ ಶಿಫ್ಟ್ ಮುಗಿಸಿ ಹೊರಗೆ ಬರೋ ಹೆಂಗಸರ ಮುಖ ತೋರಿಸಿದ್ರು. ಇನ್ನೊಂದು ಕಡೆ ಗೋಡೇಲಿ ಒಂದು ಕಿಂಡಿ, ಅದರ ಮೇಲೆ ಫೈರ್ ಎಸ್ಕೇಪ್ ಅಂತ ಬರೆದಿತ್ತು. ಸೆನೆಟರ್ ವ್ಯಾಗ್ನರ್‌ನ ಅದರೊಳಗೆ ತೂರಿಸಿದ್ರು, ಆಚೆ ಮಂಜುಗಡ್ಡೆ ಹಿಡಿದ ಕಡಿದಾದ ಕಬ್ಬಿಣದ ಏಣಿ, ಅದು ನೆಲಕ್ಕೆ ಇನ್ನೂ ಹನ್ನೆರಡು ಅಡಿ ಇರೋವಾಗಲೇ ಮುಗಿದುಹೋಗ್ತಿತ್ತು. ಕಟರಾಗಸ್ ಕೌಂಟಿಯ, ತರಕಾರಿ ಡಬ್ಬಿಗೆ ತುಂಬೋ ಕ್ಯಾನಿಂಗ್ ಫ್ಯಾಕ್ಟರಿಗೆ ಬೆಳಗಿನ ಜಾವ ಹೇಳದೇ ಕೇಳದೇ ಕರ್ಕೊಂಡು ಹೋದ್ರು, ಅಲ್ಲಿ ಐದು, ಆರು, ಏಳು ವರ್ಷದ ಮಕ್ಕಳು ಕೂತು ಹುರುಳಿಕಾಯಿ ತುದಿ ಮುರೀತಿದ್ರು, ಬಟಾಣಿ ಸುಲೀತಿದ್ರು. ವರದೀಲಿ ಓದಿ ಮರೆಯೋದಕ್ಕೂ ಕಣ್ಣಲ್ಲಿ ನೋಡೋದಕ್ಕೂ ಇರೋ ವ್ಯತ್ಯಾಸ ಆ ಹೆಣ್ಣುಮಗಳಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ವರ್ಷದಲ್ಲೇ ಕಮಿಷನ್ 1,836 ಕಾರ್ಖಾನೆ, ಅಂಗಡಿಗಳ ತನಿಖೆ ಮಾಡ್ತು, 222 ಜನರ ಸಾಕ್ಷಿ ಕೇಳ್ತು. ಬೆಂಕಿ ಒಂದೇ ಅಲ್ಲ, ಸೀಸದ ವಿಷ, ಬೇಕರಿಗಳ ನೆಲಮಾಳಿಗೆ, ಕಕ್ಕಸು, ಗಾಳಿ ಬೆಳಕು, ಮನೇಲೇ ಕೂತು ಹೊಲಿಯೋ ಕೆಲಸ, ಮಕ್ಕಳ ದುಡಿಮೆ ಎಲ್ಲ. 1913ರ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಕಾಯ್ದೆ ಬಂದ್ವು: ಏಳು ಮಹಡಿಗಿಂತ ಎತ್ತರದ, ಹೆಚ್ಚು ಜನ ಇರೋ ಫ್ಯಾಕ್ಟರಿಗೆ ಸ್ಪ್ರಿಂಕ್ಲರ್ರು, ಫೈರ್ ಡ್ರಿಲ್ಲು, ಚಿಂದಿಗೆ ಬೆಂಕಿ ಹತ್ತದ ಡಬ್ಬ, ಸಿಗರೇಟಿಗೆ ನಿಷೇಧ, ಕ್ಯಾನಿಂಗ್ ಶೆಡ್ಡಲ್ಲಿ 14 ವರ್ಷದೊಳಗಿನ ಮಕ್ಕಳು ಬೇಡ, ಹೆಂಗಸರಿಗೆ ರಾತ್ರಿ ಕೆಲಸ ಬೇಡ. ಇದಕ್ಕೆಲ್ಲ ಕಳಶ ಅಂದ್ರೆ ಇಂಡಸ್ಟ್ರಿಯಲ್ ಬೋರ್ಡ್. ಪ್ರತಿ ಸಣ್ಣ ನಿಯಮಕ್ಕೂ ಶಾಸನಸಭೆಗೆ ಹೋಗೋದು ಬೇಡ, ವಿಷಯ ತಿಳಿದೋರು ಕೂತು ಯಾವ ಫ್ಯಾಕ್ಟರಿಗೆ ಏನು ಬೇಕೋ ಆ ನಿಯಮ ಬರೀಲಿ, ಅದಕ್ಕೆ ಕಾನೂನಿನ ಬಲ ಇರ್ಲಿ ಅಂತ. ‘ಸಾಧ್ಯವಿದ್ದಲ್ಲಿ’ ಅನ್ನೋ ಪದದ ಹಿಂದೆ ಅಡಗಿ ಕೂರೋ ಆಟಕ್ಕೆ ಇದು ನೇರ ಉತ್ತರ.

ಚಳವಳಿಯ ಗುರಿ ಏನು ಅನ್ನೋದು ಇಲ್ಲಿ ಸ್ಪಷ್ಟವಾಗಿ ಕಾಣತ್ತೆ. ಸತ್ತ ಮೇಲೆ ತಪ್ಪಿತಸ್ಥನ್ನ ಹುಡುಕೋದು ಕೋರ್ಟಿನ ಕೆಲಸ, ಸಾಯದ ಹಾಗೆ ನೋಡ್ಕೊಳ್ಳೋದು ಸರ್ಕಾರದ ಕೆಲಸ ಆಗ್ಬೇಕು. ಬಂಡವಾಳಶಾಹಿ ಬೇಡ ಅಂತ ಇವರು ಹೇಳಲಿಲ್ಲ, ಮಾಲೀಕ ಒಳ್ಳೆಯೋನೋ ಕೆಟ್ಟೋನೋ ಅನ್ನೋದರ ಮೇಲೆ ಕೆಲಸಗಾರ್ತಿ ಜೀವ ನಿಲ್ಲಬಾರದು ಅಂದ್ರು. ಕೋರ್ಟುಗಳೂ ನಿಧಾನಕ್ಕೆ ಬದಲಾದ್ವು. 1907ರಲ್ಲಿ ಹೆಂಗಸರ ರಾತ್ರಿ ಕೆಲಸದ ನಿಷೇಧ ರದ್ದು ಮಾಡಿದ್ದ ಅದೇ ನ್ಯೂಯಾರ್ಕ್ ಕೋರ್ಟು 1915ರಲ್ಲಿ ಹೊಸ ನಿಷೇಧ ಎತ್ತಿ ಹಿಡೀತು, ಆಗ ನಮ್ಮ ಮುಂದೆ ಇಷ್ಟು ಮಾಹಿತಿ ಇರಲಿಲ್ಲ ಅಂತ ಕಮಿಷನ್ ಕಲೆಹಾಕಿದ್ದನ್ನ ಒಪ್ಕೊಂಡು. ಪರಿಹಾರದ ಕಾಯ್ದೆಗೆ ರಾಜ್ಯದ ಸಂವಿಧಾನಾನೇ 1913ರಲ್ಲಿ ತಿದ್ದಿ, ಮುಂದಿನ ವರ್ಷ ಹೊಸದಾಗಿ ಜಾರಿ ಮಾಡಿದ್ರು. ಅಂದ ಹಾಗೆ ನಮ್ಮ 1948ರ ಫ್ಯಾಕ್ಟರೀಸ್ ಆಕ್ಟಲ್ಲೂ ಒಳಗೆ ಜನ ಇರೋವಾಗ ಬಾಗಿಲಿಗೆ ಬೀಗ ಹಾಕಬಾರದು, ಬಾಗಿಲು ಹೊರಗೆ ತೆರ್ಕೊಳ್ಳಬೇಕು ಅಂತ ಬರೆದಿದ್ರು. ಅದು ಬ್ರಿಟಿಷ್ ಕಾನೂನಿನ ದಾರೀಲಿ ನಮಗೆ ಬಂದಿದ್ದು, ಆದ್ರೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯೋರಿಗೆ ಆ ಸಾಲಿನ ಬೆಲೆ ಯಾರೂ ಬಿಡಿಸಿ ಹೇಳ್ಬೇಕಿಲ್ಲ.

ಬಿಟ್ಟುಹೋದೋರು

1912ರಲ್ಲಿ ಹೆಂಗಸರಿಗೆ ವಾರಕ್ಕೆ 54 ಗಂಟೆ ಮಾತ್ರ ಕೆಲಸ ಅನ್ನೋ ಮಸೂದೆ ಬಂತು. ಕೊನೇ ಗಳಿಗೇಲಿ ಕ್ಯಾನಿಂಗ್ ಫ್ಯಾಕ್ಟರಿಗಳನ್ನ ಬಿಟ್ರೆ ಪಾಸಾಗತ್ತೆ, ಇಲ್ಲಾಂದ್ರೆ ಬೀಳತ್ತೆ ಅನ್ನೋ ಸ್ಥಿತಿ. ಪರ್ಕಿನ್ಸ್ ಯಾರನ್ನೂ ಕೇಳೋಕೆ ಟೈಮಿಲ್ಲದೆ ಒಪ್ಕೊಂಡ್ರು, ಬಿಗ್ ಟಿಮ್ ಸಲಿವನ್ ಅನ್ನೋ ಟ್ಯಾಮನಿ ಸೆನೆಟರ್ ಬೋಟ್ ಹತ್ತೋಕೆ ಹೋದೋನು ವಾಪಸ್ ಗುಡ್ಡ ಹತ್ತಿ ಓಡಿ ಬಂದು ವೋಟು ಹಾಕ್ದ, ನನ್ನ ತಂಗೀನೂ ಚಿಕ್ಕೋಳಿದ್ದಾಗ್ಲೇ ಕೆಲಸಕ್ಕೆ ಹೋದೋಳು ಅಂದಿದ್ದ. ಫ್ಲಾರೆನ್ಸ್ ಕೆಲ್ಲಿ ಬೈತಾರೆ ಅಂತ ಪರ್ಕಿನ್ಸ್ ಹೆದರಿದ್ರಂತೆ, ಬದಲಿಗೆ ಅವರು ಖುಷಿಪಟ್ರು. ಪರ್ಕಿನ್ಸ್ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಕ್ಯಾನಿಂಗ್ ಶೆಡ್ಡಿನ ಹೆಂಗಸರು ಆವತ್ತು ಹೊರಗೇ ಉಳಿದ್ರು ಅನ್ನೋದನ್ನ ಮುಚ್ಚಿಡಬಾರದು.

ಈ ಚಳವಳಿಗೆ ಇನ್ನೂ ಕತ್ತಲ ಬದಿ ಇದೆ. ಹೆಂಗಸರು ದುರ್ಬಲರು, ಅದಕ್ಕೇ ರಕ್ಷಣೆ ಬೇಕು ಅನ್ನೋ ವಾದ ಕೋರ್ಟಲ್ಲಿ ಗೆಲ್ತು, ಮುಂದೆ ಅದೇ ವಾದ ಅವರಿಗೆ ಎಷ್ಟೋ ಕೆಲಸ ತಪ್ಪಿಸೋಕೂ ಬಳಕೆ ಆಯ್ತು. ಪ್ರೋಗ್ರೆಸಿವ್ ಅನ್ನಿಸ್ಕೊಂಡ ವಿಲ್ಸನ್ ಸರ್ಕಾರಾನೇ 1913ರಲ್ಲಿ ಕೇಂದ್ರದ ಕಚೇರಿಗಳಲ್ಲಿ ಕರಿಯ ನೌಕರರನ್ನ ಬೇರೆ ಕೂರಿಸ್ತು. ಟ್ರಯಾಂಗಲ್‌ನಲ್ಲಿ ಸತ್ತೋರ ಕುಲದವರೇ, ಪೂರ್ವ ಮತ್ತು ದಕ್ಷಿಣ ಯೂರೋಪಿನೋರೇ, ದೇಶಕ್ಕೆ ಹೆಚ್ಚು ಬರಬಾರದು ಅಂತ 1924ರಲ್ಲಿ ಕಾನೂನು ಬಂತು, ಅದರ ಹಿಂದೆಯೂ ತಮ್ಮನ್ನ ಸುಧಾರಕರು ಅಂದ್ಕೊಂಡ ಎಷ್ಟೋ ಜನ ಇದ್ರು.

ಪರ್ಕಿನ್ಸ್ 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಂಪುಟದಲ್ಲಿ ಕಾರ್ಮಿಕ ಮಂತ್ರಿ ಆದ್ರು, ಅಮೆರಿಕದ ಸಂಪುಟ ಸೇರಿದ ಮೊದಲ ಹೆಂಗಸು. ನ್ಯೂ ಡೀಲ್, ಅಂದ್ರೆ ಆ ರೂಸ್‌ವೆಲ್ಟ್ ಸರ್ಕಾರದ ಸುಧಾರಣೆಗಳು, ಹುಟ್ಟಿದ್ದು ಆ ಬೆಂಕಿ ದಿನ ಅನ್ನೋದು ಪರ್ಕಿನ್ಸ್ ಮಾತು. ಸೆನೆಟರ್ ವ್ಯಾಗ್ನರ್ 1935ರಲ್ಲಿ ಯೂನಿಯನ್ ಕಟ್ಟೋ ಹಕ್ಕನ್ನ ಇಡೀ ದೇಶಕ್ಕೆ ಕಾನೂನು ಮಾಡಿಸಿದ್ರು, ಅಂದ್ರೆ 1910ರಲ್ಲಿ ಟ್ರಯಾಂಗಲ್ ಹುಡುಗೀರಿಗೆ ಸಿಗದೇ ಹೋದದ್ದನ್ನೇ. ಆದ್ರೆ ಆ ಕಾನೂನಲ್ಲಿ ಹೊಲದಲ್ಲಿ ದುಡಿಯೋರು, ಮನೆಕೆಲಸದೋರು ಸೇರಲಿಲ್ಲ, 1938ರ ಕನಿಷ್ಠ ಕೂಲಿ ಕಾಯ್ದೆಯಲ್ಲೂ ಅಷ್ಟೇ. ದಕ್ಷಿಣದ ರಾಜ್ಯಗಳಲ್ಲಿ ಈ ಎರಡು ಕೆಲಸ ಮಾಡ್ತಿದ್ದೋರಲ್ಲಿ ಬಹಳ ಜನ ಕರಿಯರು, ಅಲ್ಲಿಯ ಶಾಸಕರ ವೋಟಿಲ್ಲದೆ ಮಸೂದೆ ಪಾಸಾಗ್ತಿರಲಿಲ್ಲ. 1912ರ ಕ್ಯಾನಿಂಗ್ ಶೆಡ್ಡಿನ ಚೌಕಾಸಿಯೇ ಈ ಸಲ ಇಡೀ ದೇಶದ ಅಳತೇಲಿ ನಡೀತು.